ಮಾವನ ‘ಮ್ಯಾಚ್’ ಪಾಠ

ನಮ್ಮ ಸೋದರಮಾವನ ಹತ್ತಿರ ಬೆಂಕಿಪೆಟ್ಟಿಗೆ ಮಾತ್ರ ಕೇಳಬಾರದು. ಕೇಳಿದರೆ ಒಲೆ ಹೊತ್ತುವುದು ಮಧ್ಯಾಹ್ನಕ್ಕೇ! ಹರಿಹರದ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮೇಷ್ಟ್ರು ಅವರು. ಯಾವ ಪದ ಕಿವಿಗೆ ಬಿದ್ದರೂ ಅದರ ಹುಟ್ಟೂರು ವಿಚಾರಿಸದೆ ಬಿಡುವವರಲ್ಲ. ಅದರಲ್ಲೂ ‘ಮ್ಯಾಚ್’ ಎಂದರೆ ಪ್ರಾಣ.

“ಕಡ್ಡಿ ಮ್ಯಾಚೇ ಬ್ಯಾರೆ, ಜೋಡಿ ಮ್ಯಾಚೇ ಬ್ಯಾರೆ ನೋಡಪ್ಪ. ಕಡ್ಡೀದು ಫ್ರೆಂಚಿಂದ ಬಂದಿದ್ದು, ದೀಪದ ಬತ್ತಿ ಅಂತ. ಇನ್ನೊಂದು ಹಳೇ ಇಂಗ್ಲಿಷ್ ಪದ, ಸಂಗಾತಿ ಅಂತ. ಕ್ರಿಕೆಟ್ ಮ್ಯಾಚೂ ಅದ್ರಿಂದ್ಲೇ ಬಂತು, ಸರಿಸಮ ಇದ್ದೋರ ಆಟ!”

“ಸರಿಸಮ ಆಮ್ಯಾಲೆ, ಮೊದ್ಲು ಕಡ್ಡಿಪೆಟ್ಗಿ ಕೊಡ್ರಿ!” ಎಂದು ಅಡುಗೆಮನೆಯಿಂದ ಅತ್ತೆ ಕೂಗುತ್ತಿದ್ದರು.

ಒಮ್ಮೆ ಅತ್ತೆ ತಮ್ಮ ಕುಂಕುಮ ಬಣ್ಣದ ಸೀರೆಗೆ ಬ್ಲೌಸ್ ಪೀಸ್ ತರಲು ನಮ್ಮಿಬ್ಬರನ್ನೂ ದಾವಣಗೆರೆಗೆ ಅಟ್ಟಿದರು. ಮಂಡಿಪೇಟೆಯ ಅಂಗಡಿಯ ಮೇಲೆ ‘ಮ್ಯಾಚಿಂಗ್ ಸೆಂಟರ್’ ಎಂಬ ಬೋರ್ಡು! ಇನ್ನು ಕೇಳಬೇಕೆ? ಅಂಗಡಿಯ ಸಾಹೇಬರು ಅರ್ಧ ಗಂಟೆ ಪಾಠ ಕೇಳಿ, “ಮೇಷ್ಟ್ರೆ, ಬಣ್ಣ ಯಾವ್ದು ಅಂತ ಹೇಳ್ರಿ” ಎಂದು ಕೈಮುಗಿದರು. ಅಷ್ಟರಲ್ಲಿ ಬಣ್ಣ ಮರೆತುಹೋಗಿತ್ತು. ಗಿಣಿಹಸಿರು ತಂದೆವು.

ಅತ್ತೆ ಅದನ್ನು ಸೀರೆಯ ಪಕ್ಕ ಹಿಡಿದು ಕೇಳಿದರು: “ಇದು ಸಂಗಾತಿನಾ, ಸವತಿನಾ?”

ಅಸಲಿಗೆ ಇವರಿಬ್ಬರ ಜಾತಕವೇ ಕೂಡಿರಲಿಲ್ಲವಂತೆ. ಮಾವ ಹಟ ಹಿಡಿದು ಮದುವೆಯಾದರು. “ಮ್ಯಾಚ್ ಆಗಲ್ಲ ಅಂತ ಜೋಯಿಸ್ರು ಅವತ್ತೇ ಹೇಳಿದ್ರು, ನಾನೇ ಕೇಳ್ಲಿಲ್ಲ” ಎಂದೇ ಅತ್ತೆ ಪ್ರತಿ ಜಗಳ ಮುಗಿಸುವುದು.

ಹೋದ ವರ್ಷ ಅತ್ತೆಯ ಎರಡೂ ಕಿಡ್ನಿ ಕೈಕೊಟ್ಟವು. ಡಯಾಲಿಸಿಸ್‌ಗೆಂದು ಹರಿಹರದಿಂದ ದಾವಣಗೆರೆಗೆ ವಾರಕ್ಕೆ ಎರಡು ಸಲ ಓಡಾಟ. ಬೇರೆ ಕಿಡ್ನಿ ಹಾಕುವುದೇ ಒಳ್ಳೆಯದು ಎಂದರು ಡಾಕ್ಟರು. “ನಂದು ನೋಡ್ರಿ” ಎಂದು ಮಾವ ಆಗಲೇ ಅಂಗಿಯ ತೋಳು ಮೇಲೇರಿಸಿದ್ದರು. ಪರೀಕ್ಷೆಗಳೆಲ್ಲ ಮುಗಿದು ರಿಪೋರ್ಟ್ ಬರುವವರೆಗೆ ಅವರು ಯಾವ ಪದದ ಮೂಲವನ್ನೂ ಹೇಳಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾದದ್ದು ಆಗ.

ಕೊನೆಗೊಂದು ದಿನ ಡಾಕ್ಟರು ಕಾಗದ ತಿರುವಿ ತಲೆಯೆತ್ತಿದರು. “ಮ್ಯಾಚ್ ಆಗ್ತೈತೆ, ಮೇಷ್ಟ್ರೆ.”

ಈಗ ಪಾಠ ಶುರುವಾಗುತ್ತದೆ ಎಂದು ನಾನು ಕಾದೆ. ಮಾವ ಕನ್ನಡಕ ತೆಗೆದು ಒರೆಸತೊಡಗಿದರು, ಒರೆಸುತ್ತಲೇ ಇದ್ದರು.

ಪಕ್ಕದ ಕುರ್ಚಿಯಲ್ಲಿದ್ದ ಅತ್ತೆ ಅವರ ಮೊಣಕೈ ಹಿಡಿದುಕೊಂಡರು.

“ಇವ್ರು ಇವತ್ತು ಹೇಳಂಗಿಲ್ಲ ಬಿಡ್ರಿ ಡಾಕ್ಟ್ರೆ, ನಾನೇ ಹೇಳ್ತೀನಿ. ಅದು ಹಳೇ ಇಂಗ್ಲಿಷ್ ಪದ. ಸಂಗಾತಿ ಅಂತ.”