ಬೇಲಿಗೂಟದ ದರೋಡೆ ನೊಣ

ಹಳಿಯಾಳದ ಹೆಣ್ಣಿನ ಕಡೆಯವರು ಗುಟ್ಟಾಗಿ ಹುಡುಗನ ವಿಚಾರಣೆಗೆ ಬರುತ್ತಾರೆಂಬ ಸುದ್ದಿ ಮಳಗಿ ಊರಿಗೆ ಮುಟ್ಟಿದಾಗಿನಿಂದ ಗುರುಸಿದ್ದವ್ವ ಮಗನಿಗೆ ಒಂದೇ ಮಾತು ಹೇಳುತ್ತಿದ್ದಳು: "ರುದ್ರೇಶ, ಕಿವಿ ಹತ್ರ ಕೂದಲಾ ನರತಾವು. ಈ ಸಂಬಂಧಾನೂ ತಪ್ಪಿದ್ರ ಮತ್ತೊಂದು ಬರೂದಿಲ್ಲ. ನೊಣದ ಬೆನ್ನು ಹತ್ತಬ್ಯಾಡ."

ಹುಳ-ನೊಣ ನೋಡುವ ಹುಚ್ಚಿನ ರುದ್ರೇಶ ತಲೆಯಾಡಿಸಿದ್ದ. ಆದರೆ ಅಂದು ಬೆಳಿಗ್ಗೆ ಹಿತ್ತಲ ಬೇಲಿಗೂಟದ ಮೇಲೆ, ಹಾರುವ ಹುಳಗಳನ್ನೇ ಹಿಡಿದು ತಿನ್ನುವ ದರೋಡೆ ನೊಣವೊಂದು ಬಂದು ಕೂತಿತು. ಎರಡು ಕಣ್ಣುಗಳ ನಡುವೆ ತಗ್ಗು, ಮೋರೆಯ ಮೇಲೆ ಹವಾಲ್ದಾರನಂಥ ಪೊದೆಮೀಸೆ. ಗುರುತಿಗೆ ಸಂದೇಹವೇ ಇಲ್ಲ. ಅದು ಬೇಟೆ ಹಿಡಿದು ತಿನ್ನುವುದನ್ನು ಮೊದಲಿಂದ ಕಡೆತನಕ ನೋಡಬೇಕೆಂಬುದು ಅವನ ಬಹುದಿನದ ಆಸೆ. ಪುರಾಣ ಕೇಳಲು ಬಂದ ಭಕ್ತನಂತೆ ಬೇಲಿಯ ಬುಡದಲ್ಲಿ ಕುಕ್ಕರಿಸಿದ.

"ಏ ತಮ್ಮಾ," ಪಕ್ಕದ ಮನೆಯ ಮುದಕವ್ವ ಗೋಡೆಯಾಚೆಯಿಂದ ಪಿಸುಗುಟ್ಟಿದಳು. "ಆ ಛತ್ರಿ ಹಿಡದ ಮನಿಶ್ಯಾನ ಮ್ಯಾಲ ನನಗ ಸಂಶೇ ಐತಿ. ಮುಂಜಾನಿಂದ ಓಣ್ಯಾಗ ಸುತ್ತಾಕತ್ತಾನ. ಚಾದಂಗಡ್ಯಾಗ ನೀ ಕುಡೀತೀ ಏನಂತ ಕೇಳಿದ. ಕಟಿಂಗ್ ಅಂಗಡ್ಯಾಗ ನಿನ್ನ ಕೂದಲಾ ಖರೇವ ಏನಂತ ಕೇಳಿದ."

ಹೆಣ್ಣಿನ ಕಡೆಯವನೇ ಎಂದು ರುದ್ರೇಶನಿಗೆ ಹೊಳೆಯಿತು. ಒಳಗೋಡಿ, ಸುಣ್ಣ ಬಳಿದ ಗೋಡೆಯಂತೆ ಹಣೆತುಂಬ ವಿಭೂತಿ ಹಚ್ಚಿಕೊಂಡು, ಚಹಾದ ಕಪ್ಪು ಹಿಡಿದೇ ಬಂದ. ಛತ್ರಿಯವನು ಆಗಲೇ ಬೇಲಿಗೆ ಬಂದು ನಿಂತಿದ್ದ.

"ನಾ ಅಡಿವೆಯ್ಯ. ಹಿಂಗ ಹಾದು ಹೊಂಟಿದ್ದೆ. ಏನು ನೋಡಾಕತ್ತಿದ್ರಿ?"

ರುದ್ರೇಶ ಬಾಯಿ ತೆರೆಯುವಷ್ಟರಲ್ಲಿ ನೊಣ ಚಂಗನೆ ಹಾರಿ, ಗಾಳಿಯಲ್ಲೇ ಒಂದು ಜೇನುಹುಳವನ್ನು ಹಿಡಿದು ಗೂಟಕ್ಕೆ ಮರಳಿತು. ಅಡಿವೆಯ್ಯ ಛತ್ರಿ ಎತ್ತಿದ. ರುದ್ರೇಶ ಅವನ ಕೈ ಹಿಡಿದ.

"ಹೊಡೀಬ್ಯಾಡ್ರಿ, ಕಾಕಾರ. ಉಣ್ಣಲಿ ಬಿಡ್ರಿ. ಈಗ ಹುಳದೊಳಗ ಎಂಜಲಾ ಬಿಡ್ತೈತಿ. ಒಳಗಿಂದೆಲ್ಲಾ ಕರಗಿ ಅಂಬಲಿ ಆಕ್ಕೈತಿ. ಆಮ್ಯಾಲ ಸಾವಕಾಶ ಹೀರ್ತೈತಿ."

ನೊಣಕ್ಕೂ ನೋವು ಮಾಡದ ಮನುಷ್ಯನೆಂದು ತೋರಿಸಿಕೊಟ್ಟೆನೆಂದು ಅವನಿಗೆ ಒಳಗೊಳಗೇ ಹಿಗ್ಗು. ಹುಳದ ಖಾಲಿ ಸಿಪ್ಪೆ ಕೆಳಗೆ ಬೀಳುವ ತನಕ ಅಡಿವೆಯ್ಯ ಅದನ್ನೇ ನೋಡುತ್ತ ನಿಂತ. ಕೊಟ್ಟ ಚಹಾ ಮುಟ್ಟಲಿಲ್ಲ.

"ಬಾಳ ತಾಳ್ಮಿ ಐತಿ ನಿಮಗ," ಎಂದಷ್ಟೇ ಹೇಳಿ ಹೋದ.

ಸಂಜೆ ಹಳಿಯಾಳದಿಂದ ಫೋನು ಬಂತು. ಮಾತು ಮುಗಿಸಿ ಗುರುಸಿದ್ದವ್ವ ಗೋಡೆಗೊರಗಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಚಟಾ ಇಲ್ಲ, ಮಾತು ಮೆತ್ತಗ, ಎಲ್ಲಾ ಒಪ್ಪಿಗಿ ಅಂತ."

"ಮತ್ಯಾಕ ಅಳತೀ?"

"ಬಂದಾವ್ರು ಹುಡುಗಿ ಅಪ್ಪಾರ ಅಂತ. ಹೊಲದಾಗ ಜೇನ ಸಾಕ್ತಾರಂತ. 'ಜೇನಹುಳಾ ಬಿಡಿಸಾಕ ಹೋದ್ರ ನನ್ನ ಕೈನ ಹಿಡದ. ಅದು ಸಾಯೂದನ್ನ ಕತಿ ಮಾಡಿ ಹೇಳಿದ. ಅಂಥಾವನ ಕೈಯಾಗ ಮಗಳನ್ನ ಹೆಂಗ ಕೊಡ್ಲಿ' ಅಂದ್ರು. ಈ ದರಿದ್ರ ನೊಣದ ಕಾಟಕ್ಕ ಅವರ ಜೇನಪೆಟ್ಟಿಗಿ ಬರಿದಾಗಾಕತ್ತಾವಂತ."

ರುದ್ರೇಶ ಹಣೆಯ ವಿಭೂತಿ ಒರೆಸಿಕೊಂಡ. ಬಳಿಕ ಮೆಲ್ಲಗೆ ಕೇಳಿದ:

"ಅವ್ವಾ, ಅಲ್ಲಿ ಅಷ್ಟು ನೊಣ ಅದಾವಂತೇನು?"

"ಅದಾವಂತ," ಎಂದಳು ಗುರುಸಿದ್ದವ್ವ. "ನೋಡಾಕ ಬಂದ್ರ ಕಾಲ ಮುರೀತೇನಿ ಅಂದಾರ."