ನಾಲ್ಕಡಿ ಎರಡಿಂಚು

ಬರೆದಿಟ್ಟುಕೊಳ್ಳುವ ಅಭ್ಯಾಸವಿರುವವರಿಗೆ ಒಂದು ಬಗೆಯ ಅಹಂಕಾರವಿರುತ್ತದೆ. ಮನೆಯಲ್ಲಿ ಯಾವ ವಾದ ಎದ್ದರೂ ಕೊನೆಯ ಮಾತು ನಮ್ಮದೇ ಎಂಬ ಧೈರ್ಯ. ನಾನು ಮದುವೆಯಾದಾಗಿನಿಂದ ಡೈರಿ ಬರೆಯುತ್ತಿದ್ದೇನೆ. ಡೈರಿ ಎಂದರೆ ಕನಸು, ಕಣ್ಣೀರು, ಮನಸ್ಸಿನ ಮಾತು ಅಂಥದ್ದೇನೂ ಅದರಲ್ಲಿಲ್ಲ. ಗ್ಯಾಸ್ ಸಿಲಿಂಡರ್ ಬದಲಾಯಿಸಿದ ತಾರೀಕು, ಅದು ಎಷ್ಟು ದಿನ ಬಂತು, ಅತ್ತೆಯ ರೇಷ್ಮೆ ಹುಳುಗಳು ಗೂಡು ಕಟ್ಟಲು ಶುರು ಮಾಡಿದ ದಿನ, ನನ್ನ ಗಂಡ "ನಾಳೆ ಮಾಡ್ತೀನಿ ಬಿಡೇ" ಅಂದ ಕೆಲಸಗಳು, ಅವು ಮುಗಿದ ದಿನ. ಈ ಕೊನೆಯ ಕಾಲಂ ಹೆಚ್ಚಾಗಿ ಖಾಲಿಯೇ ಇರುತ್ತದೆ. ನನ್ನ ಕೆಲಸವೂ ಅಂಥದ್ದೇ. ಜಂಗಮಕೋಟೆ ಪಕ್ಕದ ನಮ್ಮೂರಿನ ಹಾಲಿನ ಡೇರಿಯಲ್ಲಿ ಸೆಕ್ರೆಟರಿ. ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಸಾಲಾಗಿ ನಿಂತವರ ಹಾಲನ್ನು ಅಳೆದು, ಪರೀಕ್ಷೆ ಮಾಡಿ ಬರೆಯುವುದು. ನೀರು ಬೆರೆಸಿದವರು ನನ್ನ ಮುಖ ನೋಡುವುದಿಲ್ಲ. ಅಳತೆಗೆ ಸಿಕ್ಕಿದ ಮೇಲೆ ಸತ್ಯ ತಪ್ಪಿಸಿಕೊಂಡು ಎಲ್ಲಿಗೆ ಹೋದೀತು ಎಂದು ನಂಬಿಕೊಂಡೇ ವಯಸ್ಸಿನ ಮೂವತ್ತೆರಡು ವರ್ಷ ಕಳೆದಿದ್ದೆ.

ನಮಗೆ ಇರುವವಳು ಒಬ್ಬಳೇ ಮಗಳು, ಸಿಂಚನ. ಅವಳ ಹಾಲುಹಲ್ಲು ಯಾವುದು ಯಾವಾಗ ಬಿತ್ತು ಎಂಬುದರ ಪಟ್ಟಿ ನನ್ನಲ್ಲಿದೆ. ಅವಳ ಎತ್ತರಕ್ಕಂತೂ ಅಡುಗೆಮನೆ ಬಾಗಿಲ ಚೌಕಟ್ಟನ್ನೇ ಮೀಸಲಿಟ್ಟಿದ್ದೇನೆ. ನೆಲದಿಂದ ಟೇಪು ಹಿಡಿದು, ಇಂಚು ಇಂಚಿಗೂ ಪೆನ್ಸಿಲ್ ಗೆರೆ ಎಳೆದು, ಅಂಕಿ ಬರೆದಿದ್ದೇನೆ. ತಿಂಗಳ ಮೊದಲ ಭಾನುವಾರ ಅವಳು ಅಲ್ಲಿ ನಿಲ್ಲಬೇಕು, ನಾನು ಅವಳ ತಲೆಯ ಮೇಲೆ ರಟ್ಟಿನ ಪುಸ್ತಕ ಅಡ್ಡ ಹಿಡಿದು ಓದಬೇಕು. ಅತ್ತೆಗೆ ಇದನ್ನು ಕಂಡರಾಗದು. "ನಾವು ಹುಳ ಸಾಕ್ತೀವಲ್ಲಮ್ಮ, ದಿನಾ ಸ್ಕೇಲ್ ಹಿಡಿದು ಅಳೀತೀವಾ? ಸೊಪ್ಪು ಹಾಕ್ಬೇಕು, ಸುಮ್ನಿರ್ಬೇಕು" ಅನ್ನುತ್ತಾರೆ. ಸೊಪ್ಪು ಹಾಕುವುದು ನನಗೆ ಬರುತ್ತದೆ. ಸುಮ್ಮನಿರುವುದು ಇನ್ನೂ ರೂಢಿಯಾಗಿಲ್ಲ.

ಈ ವರ್ಷದ ಫೆಬ್ರವರಿಯಲ್ಲಿ ಒಂದು ಸಂಜೆ ಸಿಂಚನ ಶಾಲೆಯಿಂದ ಬಂದವಳೇ ಬ್ಯಾಗನ್ನು ಮೂಲೆಗೆಸೆದು, "ಅಮ್ಮಾ, ಪ್ರೇಯರ್ ಲೈನಲ್ಲಿ ನಾನು ಹಿಂದೆ ಹೋಗ್ಬೇಕು. ಮುಂದೆ ನಿಲ್ಲಕ್ಕಾಗಲ್ಲ" ಅಂದಳು. ಅವರ ಶಾಲೆಯಲ್ಲಿ ಎತ್ತರದ ಪ್ರಕಾರ ಸಾಲು, ಗಿಡ್ಡವರು ಮುಂದೆ. ಒಂದನೇ ಕ್ಲಾಸಿನಿಂದಲೂ ಹುಡುಗಿಯರ ಸಾಲಿನಲ್ಲಿ ಇವಳೇ ಮೊದಲನೆಯವಳು. ನಾನೂ ಏಳು ವರ್ಷ ಅದೇ ಜಾಗದಲ್ಲಿ ನಿಂತವಳು. ಹಿಂದಿನವರೆಲ್ಲ ನನ್ನ ನೆತ್ತಿಯ ಮೇಲಿಂದಲೇ ಧ್ವಜ ನೋಡುತ್ತಿದ್ದರು. ಅವಳು ಇನ್ನೇನೂ ಹೇಳುವುದು ಬೇಕಿರಲಿಲ್ಲ, ನನಗೆ ಎಲ್ಲ ಅರ್ಥವಾಯಿತು. "ಜೂನಲ್ಲಿ ಸ್ಕೂಲ್ ಶುರುವಾದಾಗ ನೀನು ಹಿಂದೆ ಇರ್ತೀಯ. ನಂದು ಜವಾಬ್ದಾರಿ" ಎಂದು ಮಾತು ಕೊಟ್ಟುಬಿಟ್ಟೆ.

ಮಾರನೆಯ ದಿನದಿಂದ ಕಾರ್ಯಕ್ರಮ ಶುರು. ಬೆಳಿಗ್ಗೆ ರಾಗಿ ಮಾಲ್ಟ್, ಮಧ್ಯಾಹ್ನ ಒಂದು ಮೊಟ್ಟೆ, ಸಂಜೆ ಹಿತ್ತಲ ಸೀಬೆ ಮರದ ಕೊಂಬೆಗೆ ಇಪ್ಪತ್ತು ಎಣಿಸುವವರೆಗೆ ನೇತಾಡುವುದು. ಒಂದೊಂದಕ್ಕೂ ಡೈರಿಯಲ್ಲಿ ಟಿಕ್. ಏಪ್ರಿಲ್, ಮೇ ತಿಂಗಳಲ್ಲಿ ಅಳತೆ ನಡೆಯಲಿಲ್ಲ. ಮನೆಯಲ್ಲಿ ರಿಪೇರಿ ಕೆಲಸ ಇತ್ತು, ಅವಳನ್ನು ತೊಂಡೇಬಾವಿಯ ನಮ್ಮಮ್ಮನ ಮನೆಗೆ ಕಳಿಸಿದ್ದೆ. ಮಾಲ್ಟ್ ಪುಡಿಯನ್ನೂ ಜೊತೆಗೇ ಕಳಿಸಿದ್ದೆ ಅನ್ನಿ. ಜೂನ್ ಮೊದಲ ಭಾನುವಾರ ನಿಲ್ಲಿಸಿ ಪುಸ್ತಕ ಇಟ್ಟು ನೋಡುತ್ತೇನೆ, ನಾಲ್ಕಡಿ ಎರಡಿಂಚು. ಮಾರ್ಚಿನಲ್ಲಿ ಮೂರಡಿ ಹನ್ನೊಂದೂವರೆ ಇದ್ದವಳು. ಮೂರು ತಿಂಗಳಿಗೆ ಎರಡೂವರೆ ಇಂಚು. ನಾನು ಮೂರು ಸಲ ಅಳೆದೆ. ಮೂರು ಸಲವೂ ಅಷ್ಟೇ.

ಆ ವಾರ ಹಾಲು ಹಾಕಲು ಬಂದವರಿಗೆಲ್ಲ ರಸೀದಿಯ ಜೊತೆ ಉಪದೇಶವೂ ಸಿಕ್ಕಿತು. "ನೇತಾಡೋದು ಮುಖ್ಯ ನಾರಾಯಣಮ್ಮ. ಬೆನ್ನುಮೂಳೆ ಬಿಡಿಸ್ಕೊಳ್ತದೆ" ಎಂದು, ಯಾವ ಡಾಕ್ಟರೂ ನನಗೆ ಹೇಳಿರದ ವಿಷಯವನ್ನು ನಾನು ಹೇಳುತ್ತಿದ್ದೆ. ನಾರಾಯಣಮ್ಮ ತಮ್ಮ ಮೊಮ್ಮಗನನ್ನು ಅಂದೇ ನೇತುಹಾಕಿದರು. ಮರುದಿನ ಬಂದು, "ಸೆಕ್ರೆಟ್ರಮ್ಮ, ನಮ್ಮ ಹುಡುಗ ಬೆಳೀಲಿಲ್ಲ, ಕೊಂಬೆ ಮಾತ್ರ ಕೆಳಗೆ ಬಂತು" ಅಂದರು. ಒಂದೇ ದಿನಕ್ಕೆ ಫಲ ಕೇಳಬಾರದು, ದಿನಾಂಕ ಬರೆದಿಟ್ಟುಕೊಳ್ಳಿ ಎಂದೆ.

ಸಿಂಚನಳ ಶಾಲೆ ಶುರುವಾಯಿತು. ಸಂಜೆ ಬಂದವಳ ಮುಖ ಇಷ್ಟೇ ಆಗಿತ್ತು. "ಮತ್ತೆ ನಂದೇ ಫಸ್ಟು" ಅಂದಳು. ಮೇಷ್ಟ್ರು ಕಣ್ಣಂದಾಜಿನಲ್ಲಿ ನಿಲ್ಲಿಸಿರಬೇಕು, ಇನ್ನೇನು. ನಾನು ಬೆಳಗಿನ ಹಾಲು ಮುಗಿಸಿ, ಡೈರಿಯನ್ನು ಕಂಕುಳಲ್ಲಿಟ್ಟುಕೊಂಡು ಶಾಲೆಗೆ ಹೋದೆ. ಪಿ.ಟಿ. ಮೇಷ್ಟ್ರ ಮುಂದೆ ಪುಟ ಬಿಚ್ಚಿ ತೋರಿಸಿದೆ. ಅವರು ತಾಳ್ಮೆಯಿಂದ ಎಲ್ಲ ಓದಿದರು. ಮಾಲ್ಟಿನ ಟಿಕ್‌ಗಳನ್ನೂ ಬಿಡಲಿಲ್ಲ. ಆಮೇಲೆ ಮಗಳನ್ನು ಕರೆಸಿ, ಗೋಡೆಗೆ ನಿಲ್ಲಿಸಿ, ಟೇಪು ಹಿಡಿದರು. ನಾಲ್ಕಡಿ, ಸರಿಯಾಗಿ.

"ನಿಮ್ಮ ಟೇಪು ಹಳೇದಿರ್ಬೇಕು ಸಾರ್, ಎಳೆದುಹೋಗಿದೆ" ಅಂದೆ.

"ಮೇಡಂ, ನಿಮ್ಮ ಡೈರಿ ಸರಿಯಾಗೇ ಇರ್ಬೋದು" ಅಂದರು ಮೇಷ್ಟ್ರು. "ಮಗು ಮಾತ್ರ ಇಷ್ಟೇ ಇದೆ."

ಮನೆಗೆ ಬಂದು ಸೀದಾ ಚೌಕಟ್ಟಿಗೆ ನಾನೇ ನಿಂತೆ. ಐದಡಿಯ ಮೇಲೆ ಒಂದು ನೂಲೂ ಇಲ್ಲದವಳು ಐದಡಿ ಎರಡಿಂಚಾಗಿದ್ದೆ. ಮಗಳು ಲೋಟದಲ್ಲಿ ಬಿಟ್ಟ ಮಾಲ್ಟನ್ನು ದಿನವೂ ನಾನೇ ಕುಡಿಯುತ್ತಿದ್ದುದು ನೆನಪಾಗಿ, ಒಂದು ನಿಮಿಷ, ಒಂದೇ ನಿಮಿಷ, ಇದ್ದರೂ ಇರಬಹುದು ಅನಿಸಿತು. ಗಂಡನನ್ನು ಕರೆದು ನಿಲ್ಲಿಸಿದೆ. ಐದಡಿ ಐದಿಂಚಿನ ಮನುಷ್ಯ ಐದಡಿ ಏಳಾಗಿದ್ದರು. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ನಾನು ಮೊದ್ಲಿಂದ್ಲೂ ಹೇಳ್ತಿದ್ದೆ ಕಣೇ, ನೀನೇ ಕಮ್ಮಿ ಬರ್ಕೊಂಡಿದ್ದೆ" ಅಂದರು.

ಹಜಾರದಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತ ಕೂತಿದ್ದ ಅತ್ತೆ ತಲೆ ಎತ್ತಲಿಲ್ಲ. "ಏಮಮ್ಮಾ, ಹಳೇ ನೆಲ ಕೀಳದೆ ಅದರ ಮೇಲೇ ಟೈಲ್ಸ್ ಹಾಕ್ಸಿದ್ರಲ್ಲ ಬೇಸ್ಗೇಲಿ, ಅವತ್ತಿಂದ ಮೇಲಿನ ಗೂಡಲ್ಲಿರೋ ಅಡಿಕೆ ಡಬ್ಬಿ ನಂಗೂ ಕೈಗೆ ಸಿಗ್ತಿದೆ. ನೆಲ ಮೇಲೆ ಬಂದ್ರೆ ಜನ ಮೇಲೆ ಬರಲ್ವಾ?"

ನಾನು ಡೈರಿಯ ಹಿಂದಿನ ಪುಟ ತಿರುವಿದೆ. ನನ್ನದೇ ದುಂಡು ಅಕ್ಷರದಲ್ಲಿ ಇತ್ತು: ಟೈಲ್ಸ್ ಮುಗಿಯಿತು. ನೆಲ ಎರಡು ಇಂಚು ಮೇಲೆ. ಬಾಗಿಲುಗಳು ಉಜ್ಜುತ್ತಿದ್ದುದರಿಂದ ಬಡಗಿಯಿಂದ ಕೆಳಗೆ ಎರಡು ಇಂಚು ಕೊಯ್ಯಿಸಲಾಯಿತು.

ಊರಿಗೆಲ್ಲ ಉಪದೇಶ ಮಾಡಿದ್ದು ಅಷ್ಟಾಗಿ ಕಾಡಲಿಲ್ಲ. ನಾರಾಯಣಮ್ಮನಿಗೆ ಏನಾದರೂ ಹೇಳಬಹುದು. ಮಗಳಿಗೆ ಏನು ಹೇಳಲಿ? ನನ್ನ ಮಾತು ನಂಬಿ ಸೀಬೆ ಮರಕ್ಕೆ ನಲವತ್ತೊಂದು ದಿನ ನೇತಾಡಿದ ಮಗು. ಅವಳ ಅಂಗೈಯಲ್ಲಿ ಸಣ್ಣಗೆ ಗಂಟು ಕಟ್ಟಿದ್ದನ್ನೂ ನಾನು ನೋಡಿದ್ದೆ. ನಾಳೆ ಹೇಳಿದರಾಯಿತು ಅಂತ ನಾಲ್ಕು ದಿನ ಮುಂದೂಡಿದೆ. ಐದನೆಯ ದಿನ ಸಂಜೆ ಅವಳು ತಟ್ಟೆಯಲ್ಲಿ ಚಿತ್ರಾನ್ನದ ಕಡಲೆಬೀಜ ಆರಿಸುತ್ತಿದ್ದಾಗ ಪಕ್ಕದಲ್ಲಿ ಕೂತು, "ಸಿಂಚಮ್ಮಾ, ನೀನು ಬೆಳೆದಿದ್ದು ಎರಡೂವರೆ ಇಂಚಲ್ಲ. ಅರ್ಧ ಇಂಚು. ಅಮ್ಮನ ಲೆಕ್ಕ ತಪ್ಪಾಯ್ತು" ಅಂದೆ.

"ಪರ್ವಾಗಿಲ್ಲ ಬಿಡಮ್ಮ" ಅಂದಳು. "ಈಗ ಆಯಿಷಾನೇ ಮುಂದೆ ಬಂದ್ಬಿಟ್ಟಿದ್ದಾಳೆ."

ಆಯಿಷಾ ಅವಳ ಗೆಳತಿ, ಕ್ಲಾಸಿಗೇ ಎತ್ತರದ ಹುಡುಗಿ. "ಅವಳ್ಯಾಕೆ ಮುಂದೆ ಬಂದ್ಲು?"

"ಪ್ರೇಯರಲ್ಲಿ ಹಿಂದೆ ನಿಂತು ಮಾತಾಡ್ತಾಳೆ ಅಂತ ಮೇಷ್ಟ್ರು ಎಳ್ಕೊಂಡ್ಬಂದು ನನ್ನ ಹಿಂದೇನೇ ನಿಲ್ಸಿದ್ರು. ಈಗ ಇಬ್ರೂ ಮಾತಾಡ್ತೀವಿ."

"ಅಂದ್ರೆ ನೀನು ಹಿಂದೆ ಹೋಗ್ಬೇಕು ಅಂದಿದ್ದು..."

"ಅವಳ ಹತ್ರ ನಿಲ್ಲಕ್ಕಮ್ಮ. ಇನ್ಯಾಕೆ?"

"ಗಿಡ್ಡ ಅಂತ ಯಾರೂ ರೇಗಿಸ್ತಿರ್ಲಿಲ್ವಾ?"

ಅವಳು ಕಡಲೆಬೀಜ ಬಿಟ್ಟು ನನ್ನನ್ನು ನೋಡಿದಳು. "ನಾನು ಗಿಡ್ಡನಾ?"

"ಮತ್ತೆ ಅಷ್ಟು ದಿನ ಯಾಕೆ ನೇತಾಡ್ದೆ?" ಎಂದು ಕೇಳಿದೆ. "ನೀನು ಎಣಿಸ್ಕೊಂಡು ಖುಷಿಯಾಗಿರ್ತಿದ್ದೆ" ಅಂದಳು.

ಹಲ್ಲು, ತೂಕ, ಎತ್ತರ, ಜ್ವರ, ಲಸಿಕೆ ಎಲ್ಲಕ್ಕೂ ಕಾಲಂ ಹಾಕಿದವಳಿಗೆ, ಯಾಕೆ ಅಂತ ಅವಳನ್ನೇ ಒಂದು ಸಲ ಕೇಳಿ ನೋಡಬೇಕೆಂದು ಹೊಳೆದಿರಲಿಲ್ಲ. ತಪ್ಪನ್ನು ತಿದ್ದಿಕೊಳ್ಳುವ ವಿಷಯದಲ್ಲಿ ನಾನು ಶಿಸ್ತಿನವಳು. ಮಾರನೆಯ ದಿನವೇ ಡೈರಿಯಲ್ಲಿ ಹೊಸ ಕಾಲಂ ಎಳೆದೆ: ಮಗಳನ್ನು ಕೇಳಿದ್ದು. ಊಟ ಯಾಕೆ ಬಿಟ್ಟೆ, ಇವತ್ತು ಯಾಕೆ ನಕ್ಕೆ, ಎರಡು ಜಡೆ ಯಾಕೆ ಬೇಡ, ಕಿಟಕಿ ಹತ್ತಿರ ಯಾಕೆ ಕೂತೆ. ಕತ್ತಲಾಗುವಷ್ಟರಲ್ಲಿ ಹನ್ನೊಂದು ಟಿಕ್ ಆಗಿದ್ದವು. ಹನ್ನೆರಡನೆಯದನ್ನು ಕೇಳಲು ಹೋದಾಗ ಅವಳು ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಯಾಕೆಂದು ಬಾಗಿಲಾಚೆಯಿಂದಲೇ ಕೇಳಿದೆ. ಅದನ್ನೂ ಸೇರಿಸಿ ಹನ್ನೆರಡು ಅಂತ ಬರೆದುಕೊಂಡೆ.