ಒಳಗೆ ಹೋದ ಬಟನ್ನು, ಕಲ್ಲಿಗೆ ಬಂದ ನಾನು

ಕೆಟ್ಟುನಿಂತ ಯಂತ್ರವನ್ನು ಕಂಡರೆ ಸಾಕು, ಗಂಡಸರ ಮುಖದ ಮೇಲೆ ಎಲ್ಲಿಂದಲೋ ಒಂದು ಪಾಂಡಿತ್ಯ ಬಂದು ಕೂರುತ್ತದೆ. ನನಗೂ ಬರುತ್ತದೆ. ಒಳಗೆ ಮಾತ್ರ ತಲೆಬುಡ ತಿಳಿದಿರುವುದಿಲ್ಲ. ನಾನು ಶಹಾಪುರದ ಕಾಲುವೆ ಕಚೇರಿಯೊಂದರಲ್ಲಿ ಗುಮಾಸ್ತ. ನಾರಾಯಣಪುರದಿಂದ ಬರುವ ನೀರನ್ನು ಯಾವ ಗೇಟಿಗೆ ಬಿಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಕಾಗದಗಳು ನನ್ನ ಮೇಜನ್ನು ದಾಟಿಯೇ ಹೋಗಬೇಕು. ಹಾಗಾಗಿ ನೀರಿನ ವಿಷಯದಲ್ಲಿ ನಾನು ಬಲ್ಲವನೆಂದು ಓಣಿಯವರು ನಂಬಿದ್ದರು. ಅವರಿಗಿಂತ ಮೊದಲು ನಾನೇ ನಂಬಿದ್ದೆ. ನಮ್ಮ ವಾಷಿಂಗ್ ಮಷೀನು ಹೊಟ್ಟೆ ತುಂಬ ನೀರು ಕುಡಿದು, ಹೊರಗೂ ಬಿಡದೆ, ಬಟ್ಟೆಯನ್ನೂ ತಿರುಗಿಸದೆ ಮುಷ್ಕರ ಹೂಡಿದ ದಿನ ಆ ನಂಬಿಕೆ ಹೋಯಿತು.

ಒಳಗಿದ್ದದ್ದು ನಮ್ಮ ಬಟ್ಟೆಯಾಗಿದ್ದರೆ ಹಾಳಾಗಲಿ ಅನ್ನಬಹುದಿತ್ತು. ಅದು ಪಕ್ಕದ ಮನೆಯ ಶಮಶಾದ್ ಆಪಾ ಅವರ ದಸ್ತರಖಾನ. ನೆಂಟರು ಬಂದಾಗ ನೆಲಕ್ಕೆ ಉದ್ದಕ್ಕೆ ಹಾಸಿ, ಮೇಲೆ ತಟ್ಟೆಗಳನ್ನಿಟ್ಟು, ಎರಡೂ ಬದಿಗೆ ಕೂತು ಉಣ್ಣುತ್ತಾರಲ್ಲ, ಆ ಬಟ್ಟೆ. ಅಂಚಿನ ಕಸೂತಿ ಅವರ ತಾಯಿ ಕೈಯಾರೆ ಹಾಕಿದ್ದು. ಅವರ ಮಗಳು ನಸ್ರೀನಳನ್ನು ನೋಡಲು ಅವತ್ತೇ ಮಧ್ಯಾಹ್ನ ಸೈದಾಪುರದಿಂದ ಹುಡುಗನ ಕಡೆಯವರು ಊಟಕ್ಕೆ ಬರುವವರಿದ್ದರು. ಬೆಳಿಗ್ಗೆ ಆಪಾ ಅದನ್ನು ಬಕೆಟ್ಟಿನಲ್ಲಿ ನೆನೆಸಲು ಹೊರಟಿದ್ದರು. ನಾನು ಸುಮ್ಮನಿರಬೇಕೋ ಬೇಡವೋ? ಕಂಪೌಂಡಿನ ಮೇಲಿಂದ ಕೈಚಾಚಿ, ಕೊಡ್ರಿ ಇಲ್ಲೆ, ನಮ್ಮ ಮಷೀನ್ದಾಗ ಹಾಕಿದ್ರ ಹೊಸಾದಾಗಿ ಬರ್ತದ ಎಂದು ಇಸಿದುಕೊಂಡೆ. ಮಷೀನು ಕೊಂಡಾಗಿನಿಂದ ಅದರ ಜಂಬ ನನಗೇ ಹೆಚ್ಚು.

ಸ್ವಲ್ಪ ಹೊತ್ತು ತಿರುಗಿದ ಮಷೀನು ಗಕ್ಕನೆ ನಿಂತಿತು. ನೋಡಿದರೆ ಸ್ಟಾರ್ಟ್ ಬಟನ್ನು ಒಳಗೆ ಹೋಗಿ ಕೂತುಬಿಟ್ಟಿದೆ, ಹೊರಗೆ ಬರಲೊಲ್ಲದು. ದೀಪಗಳೆಲ್ಲ ಒಟ್ಟಿಗೆ ಕಣ್ಣು ಮಿಟುಕಿಸುತ್ತಿವೆ. ಬಾಗಿಲು ಬಿಗಿದುಕೊಂಡಿದೆ. ಗಾಜಿನೊಳಗೆ ಆಪಾ ಅವರ ತಾಯಿಯ ಕಸೂತಿ ಸೋಪಿನ ನೀರಿನಲ್ಲಿ ತೇಲುತ್ತಿದೆ. ಕಾಲುವೆಯ ಗೇಟು ಕಚ್ಚಿಕೊಂಡರೆ ನಮ್ಮವರು ಎರಡು ಏಟು ಹಾಕುತ್ತಾರೆ. ನಾನೂ ಹಾಕಿದೆ. ದೀಪಗಳು ಇನ್ನಷ್ಟು ಜೋರಾಗಿ ಮಿಟುಕಿದವು. ಕರೆಂಟಿನ ದೋಷವೆಂದು ವೈರು ಕಿತ್ತು ಮತ್ತೆ ಸಿಕ್ಕಿಸಿದೆ. ನೀರಿನ ಉಪ್ಪಿನ ದೋಷವೆಂದು ನಲ್ಲಿಯನ್ನು ಬೈದೆ. ಕೊನೆಗೆ ಕಂಪನಿಗೆ ಫೋನು ಹಚ್ಚಿದೆ. ಬೆಣ್ಣೆಯಂಥ ಕನ್ನಡದ ಹುಡುಗಿಯೊಬ್ಬಳು, ಸರ್, ದಯವಿಟ್ಟು ಸ್ಟಾರ್ಟ್ ಬಟನ್ ಒಮ್ಮೆ ಒತ್ತಿ ಎಂದಳು. ಅದು ಆಗಲೇ ಒತ್ತಿಕೊಂಡೇ ಇದೆ ತಾಯಿ ಅಂದೆ. ಹಾಗಾದರೆ ಬಿಟ್ಟು ಒತ್ತಿ ಸರ್ ಎಂದಳು. ನಾನು ಬಿಟ್ಟೇ ಇದ್ದೇನೆ, ಅದೇ ಬಿಡುತ್ತಿಲ್ಲ ಎಂದೆ. ಯಾರು ಯಾರನ್ನು ಬಿಡಬೇಕೆಂಬುದು ಇಬ್ಬರಿಗೂ ತಿಳಿಯದೆ ಫೋನು ಕಟ್ಟಾಯಿತು.

ಅಷ್ಟರಲ್ಲಿ ಆಪಾ ಮನೆಯಲ್ಲಿ ರೊಟ್ಟಿ ಬಡಿಯಲು ಹೋಗಿದ್ದ ನನ್ನ ಹೆಂಡತಿ ಮಹಾದೇವಿ, ದಸ್ತರಖಾನ ಎಲ್ಲಿ ಎಂದು ಕೇಳುತ್ತಾ ಬಂದಳು. ನನ್ನ ಮುಖ ನೋಡಿದಳು, ಮಷೀನಿನ ಮುಖ ನೋಡಿದಳು.

"ಅಮಾಸಿಗೊಮ್ಮೆ ಇದಕ್ಕ ಪೂಜಾ ಮಾಡೋರು ಯಾರ್ರಿ?"

ನಾನೇ. ಪ್ರತಿ ಅಮಾವಾಸ್ಯೆಗೆ ಬೈಕಿಗೆ ವಿಭೂತಿ ಬಳಿದು, ಕುಂಕುಮ ಹಚ್ಚಿ, ಕಾಯಿ ಒಡೆದು ಆ ನೀರು ಚಿಮುಕಿಸುವವನು, ಮನೆಯ ಇನ್ನೊಂದು ಯಂತ್ರಕ್ಕೆ ಭೇದಭಾವ ಮಾಡುವುದು ಬೇಡವೆಂದು ಇದಕ್ಕೂ ಮಾಡುತ್ತಿದ್ದೆ. ಹಣೆಯ ಜಾಗ ಯಾವುದೆಂದು ಹುಡುಕಿದಾಗ ಸರಿಯಾಗಿ ನಡುವೆ ಕಂಡದ್ದು ಸ್ಟಾರ್ಟ್ ಬಟನ್ನು. ಅಂಗಡಿಯಿಂದ ಬಂದಾಗ ಬಟನ್ನುಗಳ ಮೇಲೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು, ಹೊಳಪು ಹೋದೀತೆಂದು, ಇನ್ನೂ ಕಿತ್ತಿರಲಿಲ್ಲ. ಅವಳು ಅದನ್ನು ಪರ್ರನೆ ಕಿತ್ತಳು. ಅಂಚಿನಿಂದ ಅಡಿಗೆ ಇಳಿದಿದ್ದ ಕಾಯಿನೀರು, ಕುಂಕುಮ, ವಿಭೂತಿ ಕಲೆತು, ಬಟನ್ನಿನ ಸುತ್ತ ಗಾರೆಯಂತೆ ಗಟ್ಟಿಯಾಗಿತ್ತು. ತನ್ನ ಸೇಫ್ಟಿ ಪಿನ್ನಿನಿಂದ ಕೆದರಿದಳು. ಬಟನ್ನು ಟಪ್ಪನೆ ಹೊರಬಂತು. ನೀರು ಹೋಯಿತು, ಬಾಗಿಲೂ ತೆರೆಯಿತು. ಬಟ್ಟೆಯ ತುಂಬ ಸೋಪು. ಮತ್ತೆ ಅದನ್ನು ಮಷೀನಿನ ಬಾಯಿಗೆ ಕೊಡುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಅವಳ ಕೈತುಂಬ ಜೋಳದ ಹಿಟ್ಟು. ಇಸಿದುಕೊಂಡವರೇ ಹಿಂಡಬೇಕೆಂದು ತೀರ್ಪು ಕೊಟ್ಟು ಹೋದಳು.

ನಾನು ಲುಂಗಿ ಎತ್ತಿ ಕಟ್ಟಿ, ಅಂಗಳದ ಒಗೆಯುವ ಕಲ್ಲಿನ ಮುಂದೆ ಕೂತು ಜಾಲಿಸುತ್ತಿದ್ದಾಗಲೇ ಓಣಿಯಲ್ಲಿ ಜೀಪು ನಿಂತಿತು. ಸೈದಾಪುರದವರು ಇಳಿದರು. ಹುಡುಗನ ತಾಯಿ ನೇರವಾಗಿ ಆಪಾ ಮನೆಗೆ ಹೋಗುವುದು ಬಿಟ್ಟು ನಮ್ಮ ಗೇಟಿನ ಹತ್ತಿರ ನಿಂತು ನನ್ನನ್ನೇ ನೋಡತೊಡಗಿದರು. ಊಟಕ್ಕೆ ಹಾಸುವ ಬಟ್ಟೆ ಇನ್ನೂ ನೆರೆಯವನ ಕೈಯಲ್ಲಿ ನೀರು ಸೋರಿಸುತ್ತಿದೆ ಎಂದು ಗೊತ್ತಾದರೆ ಆಪಾ ಮಾನವೇನಾಗಬೇಕು? ಎದುರುಗೊಳ್ಳಲು ಬಂದ ಆಪಾ ಒಂದು ಗಳಿಗೆ ತಬ್ಬಿಬ್ಬಾದರು. ಆಮೇಲೆ ಸೆರಗು ಸರಿ ಮಾಡಿಕೊಂಡು ಹೇಳಿದರು:

"ನಮ್ಮ ಬಾಜೂ ಮನಿ ಅಣ್ಣಾರ್ರಿ. ಇವರ ಮನ್ಯಾಗ ದಿನಾ ಬಟ್ಟಿ ಇವರಽ ಒಗೀತಾರ."

ಆ ತಾಯಿ ಮಗನ ಕಡೆ ತಿರುಗಿ, ನೋಡಿ ಕಲಿ ಅನ್ನುವಂತೆ ಹುಬ್ಬು ಹಾರಿಸಿದರು. ಬಾಗಿಲ ಮರೆಯಲ್ಲಿದ್ದ ನಸ್ರೀನ್ ಫಕ್ಕನೆ ನಕ್ಕಳು. ಹುಡುಗನೂ ನಕ್ಕ. ಅವರು ಶರಬತ್ತು ಕುಡಿದು ಮುಗಿಸುವುದರೊಳಗೆ ನಮ್ಮ ಬಿಸಿಲು ದಸ್ತರಖಾನವನ್ನು ಗರಿಗರಿಯಾಗಿ ಒಣಗಿಸಿಕೊಟ್ಟಿತು. ಊಟವಾಯಿತು, ಮಾತು ಪಕ್ಕಾ ಆಯಿತು.

ಮಾರನೆಯ ದಿನ ಮಹಾದೇವಿ ಮೈಲಿಗೆ ಬಟ್ಟೆಯ ಬುಟ್ಟಿಯನ್ನು ನನ್ನ ಮುಂದೆ ತಂದಿಟ್ಟಳು. ಏನಿದು ಎಂದೆ.

"ಆಪಾ ಆಡಿದ ಮಾತು ಸುಳ್ಳು ಮಾಡ್ತೀರೇನು? ಹುಡುಗಿ ಬಾಳೇದ ಪ್ರಶ್ನೆ ಅದ."

ಬುಟ್ಟಿ ಎತ್ತಿಕೊಂಡು ಮಷೀನಿನತ್ತ ನಡೆದೆ. ಮಷೀನು ಈಗ ಚೆನ್ನಾಗಿ ನಡೆಯುತ್ತದೆ, ನಡೆಸುವವನು ನಾನೇ. ಆದರೆ ಹೊಸ ಬೀಗರು ಸೈದಾಪುರದಿಂದ ಆಗಾಗ ಬರುತ್ತಿರುತ್ತಾರೆ. ಅವರ ಜೀಪು ಓಣಿಗೆ ತಿರುಗಿತೆಂದು ಆಪಾ ಕಂಪೌಂಡಿನಿಂದ ಕೂಗಿ ಹೇಳಿದ ಕೂಡಲೇ ನಾನು, ಒಗೆದು ಮಡಚಿಟ್ಟ ಬಟ್ಟೆಗಳನ್ನೇ ಮತ್ತೆ ಬಕೆಟ್ಟಿನಲ್ಲಿ ಅದ್ದಿಕೊಂಡು, ಓಡಿಹೋಗಿ ಕಲ್ಲಿನ ಮುಂದೆ ಕೂರುತ್ತೇನೆ.